ಮೂಗಿನ ಕಾಲಂ

ಬೋರ್‌ವೆಲ್ಲಿನಿಂದ ಮೇಲೆತ್ತಿದ ಮೋಟರನ್ನು ನಾನು ಮೊದಲು ಬಿಚ್ಚುತ್ತಿರಲಿಲ್ಲ, ಮೂಸುತ್ತಿದ್ದೆ. ಪೈಪು, ಕೇಬಲ್ಲು, ಹಗ್ಗ ಎಲ್ಲ ರಾಡಿಯಾಗಿ ನೆಲಕ್ಕೆ ಬಿದ್ದಿರುತ್ತಿತ್ತು. ಸುತ್ತ ನಿಂತವರು ನನ್ನ ಬಾಯಿ ನೋಡುತ್ತಿರುತ್ತಿದ್ದರು. ನಾನು ಕುಕ್ಕರುಗಾಲಲ್ಲಿ ಕೂತು ಮೋಟರಿನ ಕತ್ತಿನ ಹತ್ತಿರ ಮೂಗು ಒಯ್ಯುತ್ತಿದ್ದೆ. ವಾರ್ನಿಷ್ ಸುಟ್ಟ ವಾಸನೆ ಬಂದರೆ ಒಳಗಿನ ತಂತಿ ಸುತ್ತು, ವೈಂಡಿಂಗ್, ಹೋಗಿದೆ. ಬರೀ ತುಕ್ಕಿನ ವಾಸನೆಯಾದರೆ ತಿರುಗುವ ದಂಡದ ಬುಷ್ ಸವೆದಿದೆ. ಮೂರನೆಯ ವಾಸನೆ ಒಂದಿತ್ತು. ಅದು ಬಂದರೆ ನಾನು ಎದ್ದು ಕೈ ಝಾಡಿಸಿಕೊಂಡು ಹೇಳಿಬಿಡುತ್ತಿದ್ದೆ:

"ಇದು ಮೋಟರಿನ ತಪ್ಪಲ್ರೀ. ನಿಮ್ಮ ನೀರೇ ತಾಮ್ರ ತಿಂತೈತೆ. ಹೊಸಾದು ಇಳಿಸಿದ್ರೂ ವರ್ಷದೊಳಗೆ ನನ್ನ ಕರೀತೀರಿ."

ಕರೆಯುತ್ತಿದ್ದರು. ಬಿಚ್ಚಿ ನೋಡಿದರೆ ತಾಮ್ರದ ತಂತಿ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸಂತೇಬೆನ್ನೂರಿನ ಹತ್ತಿರ ರಸ್ತೆ ಬದಿಗೆ ಒಂದು ಶೆಡ್ಡು, ಹಿಂದೆ ರಾಟೆ ಕೂರಿಸಿದ ಒಂದು ಟೆಂಪೊ, ಇವೆರಡನ್ನು ಯಾರ ಹಂಗೂ ಇಲ್ಲದೆ ಮಾಡಿಕೊಂಡವನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಆಕಡೆ ಜಗಳೂರಿನವರೆಗೂ ಜನ ನನ್ನನ್ನು ಮೂಗಿನ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ನನ್ನ ಜೊತೆ ರಾಟೆ ತಿರುಗಿಸಿದ ಗೆಳೆಯನ ಮೂಗು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಗಂಟೆಗೊಂದು ಸಲ ನಶ್ಯ ಏರಿಸುವವನು ಅವನು. "ನಮ್ಮಿಬ್ಬರಿಗೂ ಸೇರಿ ದೇವರು ಒಂದೇ ಮೂಗು ಕೊಟ್ಟಾನ್ರಿ, ಅದು ಇವನ ಹತ್ರ ಐತೆ" ಅನ್ನುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ನನಗೆ ಒಳಗೇ ಖುಷಿಯಾಗುತ್ತಿತ್ತು.

ಆ ಮೂರನೆಯ ವಾಸನೆ ಹುಡುಕಿಕೊಂಡೇ ಮೇಡಂ ಬಂದದ್ದು. ಯಾವುದೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಹೆಣ್ಣುಮಗಳು. ಬಸ್ಸಿಳಿದು, ಬೆನ್ನಿಗೆ ಚೀಲ ಹಾಕಿಕೊಂಡು ನೇರ ಶೆಡ್ಡಿಗೇ ಬಂದರು. ನಾನು ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಕಪ್ಪು ತಂತಿ ನೋಡಿ, ನೆಲಕ್ಕೆ ಕೂತು, ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದರು.

"ಇದನ್ನ ಗುಜರಿಗೆ ಹಾಕ್ತೀರಾ?"

"ಮತ್ತೇನು ಪೂಜೆ ಮಾಡ್ಲೇನ್ರಿ ಮೇಡಂ?"

ನಕ್ಕರು. "ನಾವು ಅದನ್ನೇ ಮಾಡೋದು" ಅಂದರು. "ಇದು ತಾಮ್ರದ ಸಲ್ಫೈಡು. ತಾಮ್ರ, ಗಂಧಕ ಎರಡೂ ಸೇರಿ ಆಗಿರೋದು. ನಿಮ್ಮ ಬಾವಿಗಳಲ್ಲಿ ವಾಸನೆ ಬರುತ್ತಲ್ಲ, ಕೊಳೆತ ಮೊಟ್ಟೆ ಥರ?"

ಕೊಳೆತದ್ದಿರಲಿ, ಒಳ್ಳೆಯ ಮೊಟ್ಟೆಯನ್ನೂ ನಮ್ಮ ಮನೆಯಲ್ಲಿ ಯಾರೂ ಒಡೆದವರಲ್ಲ. ಹಾಗಾಗಿ ನನಗೆ ತಿಳಿದಂತೆ ಹೇಳಿದೆ: ಬೇಸಿಗೆಯಲ್ಲಿ ಕೆರೆಯ ತಳದ ಕರೀ ರಾಡಿಯಲ್ಲಿ ಕಾಲಿಟ್ಟಾಗ ಏಳುತ್ತದಲ್ಲ, ಅದಕ್ಕೆ ಸ್ವಲ್ಪ ಇಂಗು, ಬೆಂಕಿಕಡ್ಡಿ ಗೀರಿದ ತಕ್ಷಣದ ಘಾಟು ಸ್ವಲ್ಪ. ಮೇಡಂ ಪುಸ್ತಕ ತೆಗೆದು ಅದನ್ನು ಹಾಗೇ ಬರೆದುಕೊಂಡರು. ನಾನು ಹೇಳಿದ್ದನ್ನು ಓದಿದವರೊಬ್ಬರು ಬರೆದುಕೊಂಡದ್ದು ಅದೇ ಮೊದಲು.

ಆಮೇಲೆ ಅವರು ನನಗೆ ಅರ್ಥವಾಗುವ ಹಾಗೆ ಎಲ್ಲ ಬಿಡಿಸಿ ಹೇಳಿದರು. ನೆಲದ ಆಳದಲ್ಲಿ, ಗಾಳಿಯಾಡದ ಕಡೆ ಕಣ್ಣಿಗೆ ಕಾಣದ ಜೀವಿಗಳಿವೆ. ನಾವು ಆಮ್ಲಜನಕ ಉಸಿರಾಡುವ ಹಾಗೆ ಅವು ನೀರಿನಲ್ಲಿ ಕರಗಿದ ಸಲ್ಫೇಟಿನ ಮೇಲೆ ಬದುಕುತ್ತವೆ. ಅವು ಬಿಡುವ ಉಸಿರೇ ಈ ಗಾಳಿ, ಹೈಡ್ರೋಜನ್ ಸಲ್ಫೈಡು. ಅದು ತಾಮ್ರ ಸಿಕ್ಕರೆ ತಾಮ್ರ, ಕಬ್ಬಿಣ ಸಿಕ್ಕರೆ ಕಬ್ಬಿಣ, ಬೆಳ್ಳಿ ಸಿಕ್ಕರೆ ಬೆಳ್ಳಿ, ಎಲ್ಲವನ್ನೂ ಹಿಡಿದು ಕಪ್ಪು ಮಾಡುತ್ತದೆ. ಇಷ್ಟು ಕೆಟ್ಟದ್ದಾದರೂ ನಮ್ಮ ಮೈಯೊಳಗೂ ಅದು ಚೂರೇ ಚೂರು ತಯಾರಾಗುತ್ತದಂತೆ, ರಕ್ತನಾಳ ಸಡಿಲವಾಗುವುದಕ್ಕೆ ಬೇಕಂತೆ. ಅವರ ಜೊತೆಯವರೊಬ್ಬರು ಆ ಜೀವಿಗಳನ್ನು ಸೀಸೆಯಲ್ಲಿ ಸಾಕುತ್ತಾರೆ. ಇನ್ನೊಬ್ಬರು ಗಾಜಿನ ಮೇಲೆ ಸಲ್ಫೈಡಿನ ತೆಳು ಪದರ ಬೆಳೆಸಿ, ಅದರಿಂದ ಬಿಸಿಲನ್ನು ಕರೆಂಟು ಮಾಡಲು ನೋಡುತ್ತಾರೆ. ಅಂಥ ಗಾಜಿನ ಚೂರೊಂದನ್ನು ಮೇಡಂ ಚೀಲದಿಂದ ತೆಗೆದು ತೋರಿಸಿದರು. ಓರೆ ಹಿಡಿದರೆ ಹಳದಿ, ಕಂದು, ನವಿಲುಗರಿಯ ನೀಲಿ. ನನ್ನ ಗುಜರಿಯ ಬಳಗದ್ದೇ ಅದು, ಆದರೆ ಹತ್ತಿಯಲ್ಲಿ ಸುತ್ತಿಟ್ಟಿದ್ದರು.

ಅವರ ಕೆಲಸ ಹೀಗಿತ್ತು. ಹನ್ನೆರಡು ಬಾವಿ ಆರಿಸಬೇಕು. ಪ್ರತಿ ಬಾವಿಯೊಳಗೆ ಕಿರುಬೆರಳಿನಷ್ಟುದ್ದದ ಒಂದು ಬೆಳ್ಳಿ ಪಟ್ಟಿಯನ್ನು ನೈಲಾನ್ ದಾರಕ್ಕೆ ಕಟ್ಟಿ, ನೀರಿಗೆ ಮುಟ್ಟದ ಹಾಗೆ ಇಳಿಬಿಡಬೇಕು. ಆ ಕೆಟ್ಟ ಗಾಳಿ ಎಷ್ಟಿದೆಯೋ ಅದರ ಮೇಲೆ ಬೆಳ್ಳಿ ಬಣ್ಣ ತಿರುಗುತ್ತದೆ. ಮೂರು ವಾರಕ್ಕೊಮ್ಮೆ ಹೋಗಿ ಬಣ್ಣ ಬರೆದು, ಮೀಟರಿನಲ್ಲಿ ಅಳತೆ ನೋಡಬೇಕು. ಊರುಗಳಿಗೆ ಕರೆದುಕೊಂಡು ಹೋಗಲು, ಬಾವಿ ಬಿಚ್ಚಲು, ಮುಚ್ಚಲು ನಾನು.

ಎರಡನೇ ದಿನ ಉಬ್ರಾಣಿ ಕಡೆಯ ಒಂದು ತೋಟದಲ್ಲಿ ಮೇಡಂ ಮೀಟರ್ ಹೊರಗೆ ತೆಗೆಯುವ ಮೊದಲೇ ನಾನು ಬಾಯಿ ಹಾಕಿದೆ: "ಇದು ಜಾಸ್ತಿ ಇಲ್ರೀ, ನಿನ್ನೆ ನೋಡಿದ್ದರ ಅರ್ಧ." ಮೀಟರ್ ಅದನ್ನೇ ಹೇಳಿತು. ಮುಂದಿನ ಬಾವಿಯಲ್ಲೂ ಅದೇ ಆಯಿತು. ಆ ಸಂಜೆ ಮೇಡಂ ಪುಸ್ತಕದಲ್ಲಿ ಸ್ಕೇಲಿಟ್ಟು ಒಂದು ಹೊಸ ಗೆರೆ ಎಳೆದು, ತಲೆಯಲ್ಲಿ "ಮೂಗು" ಅಂತ ಬರೆದರು. ಸೊನ್ನೆಯಿಂದ ಐದರವರೆಗೆ ನಾನು ಅಂಕಿ ಹಾಕಬೇಕು. ಬಣ್ಣದ ಕಾಲಂ, ಮೀಟರಿನ ಕಾಲಂ, ಮೂಗಿನ ಕಾಲಂ. ಪುಸ್ತಕ ನನ್ನ ವಶಕ್ಕೇ ಕೊಟ್ಟರು. ಮನೆಗೆ ಬಂದು ಹೆಂಡತಿಗೆ ತೋರಿಸಿದೆ.

"ಮೂಗಿಗೂ ಮಾರ್ಕ್ಸ್ ಕೊಡ್ತಾರೇನ್ರಿ?" ಅಂದಳು.

"ಮೂಗಿಗೆ ಕೊಡಾದಲ್ಲ. ಮೂಗೇ ಕೊಡಾದು."

ಮಳೆಗಾಲಕ್ಕೆ ಮುಂಚೆ ನನಗೆ ಜ್ವರ ಬಂತು. ದೊಡ್ಡ ಜ್ವರವೇನಲ್ಲ, ನಾಲ್ಕು ದಿನ ಮಲಗಿದೆ, ಐದನೇ ದಿನ ಎದ್ದೆ. ಜಗಲಿಯ ಮೇಲೆ ಪೇಪರ್ ಓದುತ್ತ ಕೂತಿದ್ದೆ. ಹೆಂಡತಿ ಒಳಗಿನಿಂದ ಕೆಮ್ಮುತ್ತ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿಬಂದಳು. ಒಗ್ಗರಣೆಯ ಮೆಣಸಿನಕಾಯಿ ಹೊತ್ತಿತ್ತು. ಪಕ್ಕದ ಮನೆಯವರೂ ಸೀನುತ್ತಿದ್ದರು. ನನ್ನ ಕಣ್ಣು ಉರಿಯುತ್ತಿತ್ತು. ಮೂಗಿನಲ್ಲಿ ಏನೂ ಇರಲಿಲ್ಲ.

ಶೆಡ್ಡಿಗೆ ಹೋದೆ. ಒಳಗಿನಿಂದ ಬಾಗಿಲು ಹಾಕಿಕೊಂಡೆ. ವಾರ್ನಿಷ್ ಡಬ್ಬಿಯ ಮುಚ್ಚಳ ತೆಗೆದು ಮುಖ ಇಟ್ಟೆ. ಇಲ್ಲ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಮೂಗಿಗೆ ಒತ್ತಿಕೊಂಡೆ. ತಣ್ಣಗಾಯಿತು, ಅಷ್ಟೇ. ಕಡೆಗೆ ಮೂಲೆಯ ಕಪ್ಪು ತಂತಿಯ ಸಿಂಬೆ ಎತ್ತಿ, ನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ ಮೂಸಿದೆ. ಇಪ್ಪತ್ತು ವರ್ಷ ನನಗೆ ಅನ್ನ ಕೊಟ್ಟ ವಾಸನೆ ಅದು. ಗೋಡೆಯನ್ನು ಮೂಸಿದ ಹಾಗಾಯಿತು.

ಒಂದು ವಾರ ನೋಡೋಣ ಅಂದುಕೊಂಡೆ. ವಾರ ಎರಡಾಯಿತು. ಡಾಕ್ಟರು, ಕೆಲವರಿಗೆ ಹೀಗಾಗುತ್ತದೆ, ತಿರುಗಿ ಬಂದರೂ ಬರಬಹುದು, ಕಾಯಬೇಕು ಅಂದರು.

ಮೇಡಮ್ಮಿಗೆ ಹೇಳಿಬಿಡಬೇಕು ಅಂತಲೇ ನಾನು ಹೊನ್ನಾಳಿ ಬಸ್‌ಸ್ಟ್ಯಾಂಡಿಗೆ ಅವರನ್ನು ಕರೆಯಲು ಹೋದದ್ದು. ಮಾತು ನಾಲಗೆಯ ಮೇಲೆ ಸಿದ್ಧವಾಗಿತ್ತು. ಅವರು ಬಸ್ಸಿಳಿದು, ಚೀಲ ಟೆಂಪೊದ ಸೀಟಿಗೆ ಎಸೆದು, "ಮೇಸ್ತ್ರಿ, ಮೀಟರ್ ಸತ್ತುಹೋಯ್ತು" ಅಂದರು. ಒಳಗಿನ ಸೆನ್ಸರ್ ಕೆಟ್ಟಿದೆ, ರಿಪೇರಿಗೆ ಕಳಿಸಿದ್ದೇನೆ, ಯಾವಾಗ ಬರುತ್ತೋ ಗೊತ್ತಿಲ್ಲ ಅಂತ ಹೇಳಿ ತಲೆಗೆ ಕೈ ಹಚ್ಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು.

"ಅದರ ಮೂಗು ಹೋದರೆ ಹೋಗಲಿ. ನಿಮ್ಮ ಮೂಗು ಇದೆಯಲ್ಲ. ನೀವಿಲ್ಲದಿದ್ರೆ ಈ ಸಲದ ಕೆಲಸ ಎಲ್ಲ ನೀರಲ್ಲಿ ಹೋಗ್ತಿತ್ತು."

ಗೆಳೆಯ ನಶ್ಯದ ಡಬ್ಬಿ ಕುಟ್ಟುತ್ತ, "ನಮ್ಮ ಮೇಸ್ತ್ರಿ ಮೂಗಿಗೆ ಸೆಲ್ಲೂ ಬ್ಯಾಡ, ಚಾರ್ಜೂ ಬ್ಯಾಡ್ರಿ" ಅಂದ.

ನಾನು ಗೇರ್ ಹಾಕಿದೆ. ಆ ಒಂದು ಗಳಿಗೆಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಮೊದಲ ಬಾವಿಯಲ್ಲಿ ಬಗ್ಗಿದೆ. ಅವರಿಬ್ಬರೂ ಹಿಂದೆ ನಿಂತಿದ್ದರು. ಉಸಿರು ಎಳೆದೆ, ಏನೂ ಇಲ್ಲ. ದಾರ ಎಳೆದು ಪಟ್ಟಿ ನೋಡಿದೆ. ತಿಳಿಗಂದು ಬಣ್ಣ. ಜ್ವರಕ್ಕೆ ಮುಂಚೆ ಆ ಬಣ್ಣದ ಬಾವಿಗೆ ನನ್ನ ಮೂಗು ಎರಡು ಕೊಡುತ್ತಿತ್ತು. "ಎರಡು" ಅಂದೆ. ಮೇಡಂ ತಲೆಯಾಡಿಸಿದರು. ಹಾಗೆ ಶುರುವಾಯಿತು. ಹಳದಿಗೆ ಒಂದು, ಕಂದಿಗೆ ಎರಡು, ನೇರಳೆಗೆ ಮೂರು, ನೀಲಿ ತಿರುಗಿ ಕಪ್ಪಾದರೆ ನಾಲ್ಕು, ಪೂರ್ತಿ ಕಪ್ಪಿಗೆ ಐದು. ಮೂಗಿನ ಕಾಲಮ್ಮನ್ನು ನಾನು ಕಣ್ಣಿನಿಂದ ತುಂಬತೊಡಗಿದೆ.

ಬೋರಿನ ಕೇಸಿಂಗ್ ಪೈಪಿನಲ್ಲಿ ಮೋಟರು ಓರೆಯಾಗಿ ಸಿಕ್ಕಿಹಾಕಿಕೊಂಡರೆ ಮೇಲೆ ಎಳೆದರೂ ಬಿಗಿಯುತ್ತದೆ, ಕೆಳಗೆ ಬಿಟ್ಟರೂ ಬಿಗಿಯುತ್ತದೆ. ಅಂಥ ಮೋಟರುಗಳನ್ನು ನಾನು ಎಷ್ಟೋ ಬಿಡಿಸಿದ್ದೇನೆ. ಆ ತಿಂಗಳುಗಳಲ್ಲಿ ನಾನೇ ಹಾಗೆ ಸಿಕ್ಕಿಕೊಂಡಿದ್ದೆ. ದಿನಕ್ಕೆ ಎರಡು ಸಲ ಸ್ನಾನ ಮಾಡತೊಡಗಿದೆ, ನನ್ನ ಮೈ ನಾರುತ್ತಿದ್ದರೆ ನನಗೇ ತಿಳಿಯುವುದಿಲ್ಲವಲ್ಲ ಅಂತ. ಊಟದಲ್ಲಿ ಉಪ್ಪು, ಖಾರ, ಹುಳಿ ಬಿಟ್ಟರೆ ಮಿಕ್ಕದ್ದೆಲ್ಲ ಮಣ್ಣು. ಗ್ಯಾಸ್ ಒಲೆಯ ತಿರುಪನ್ನು ಹತ್ತು ಸಲ ಮುಟ್ಟಿ ನೋಡುತ್ತಿದ್ದೆ. ಯಾರಾದರೂ "ಏನೋ ವಾಸ್ನೆ ಬರ್ತೈತಲ್ಲ" ಅಂದರೆ ಅವರ ಮೂಗು ತಿರುಗಿದ ಕಡೆ ನಾನೂ ತಿರುಗಿಸುತ್ತಿದ್ದೆ. ಗಿರಾಕಿಗಳ ಮೋಟರನ್ನು ಮೂಸುವ ನಾಟಕ ಮಾತ್ರ ಬಿಡಲಿಲ್ಲ. ಮೂಸಿ, ಮೀಸೆ ಒರೆಸಿಕೊಂಡು, ಉಗುರಿನಲ್ಲಿ ತಂತಿ ಕೆರೆದು ನೋಡಿ ಹೇಳುತ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ. ಯಾರಿಗೂ ಗೊತ್ತಾಗದೆ ಇದ್ದದ್ದೇ ನನ್ನನ್ನು ಇನ್ನೂ ಒಳಗೆ ದೂಡಿತು.

ನ್ಯಾಮತಿಯ ಒಂದು ಹೋಟೆಲಿನಲ್ಲಿ ಮಂಡಕ್ಕಿ ಮುಂದಿಟ್ಟುಕೊಂಡು ಮೇಡಂ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಎರಡು ಗೆರೆಗಳಿದ್ದವು. ಒಂದು ಬೆಳ್ಳಿಯ ಬಣ್ಣದ್ದು, ಇನ್ನೊಂದು ನನ್ನ ಮೂಗಿನದು. ಎರಡೂ ಜೋಡಿ ಎತ್ತುಗಳ ಹಾಗೆ ಕೂಡಿ ಹತ್ತಿ, ಕೂಡಿ ಇಳಿಯುತ್ತಿದ್ದವು.

"ಮೊದಮೊದಲು ಸ್ವಲ್ಪ ಆಚೀಚೆ ಇತ್ತು. ಈಗ ನೋಡಿ, ಎಷ್ಟು ಚೆನ್ನಾಗಿ ಹೊಂದುತ್ತೆ! ನಿಮ್ಮ ಮೂಗು ದಿನೇ ದಿನೇ ಚುರುಕಾಗ್ತಿದೆ ರೀ."

ಬಾಯಲ್ಲಿದ್ದ ಮಂಡಕ್ಕಿ ನುಂಗಲು ನೀರು ಕುಡಿಯಬೇಕಾಯಿತು. ಅವರು ಇನ್ನೊಂದು ಮಾತು ಸೇರಿಸಿದರು. ಅದು ಎಚ್ಚರಿಕೆಯ ಮಾತು.

"ಒಂದು ಮಾತ್ರ ನೆನಪಿಡಿ. ಈ ಗಾಳಿ ಬಹಳ ಆದಾಗ ಮೊದಲು ಕೊಲ್ಲೋದು ಮೂಗನ್ನ. ವಾಸನೆ ನಿಂತುಹೋಗುತ್ತೆ. ಜನ, ಗಾಳಿ ಹೋಯ್ತು ಅಂತ ತಿಳ್ಕೊಂಡು ಕೆಳಗೆ ಇಳೀತಾರೆ. ಎಲ್ಲಾದರೂ ಇದ್ದಕ್ಕಿದ್ದಂತೆ ವಾಸನೆ ಬರದೇ ಇದ್ರೆ, ಅಲ್ಲಿಂದ ಓಡಿ."

"ಹೂಂ ರೀ" ಅಂದೆ. ಎಲ್ಲಿಂದ ಓಡಲಿ? ನನಗೆ ಎಲ್ಲ ಬಾವಿಯೂ ಅದೇ ಬಾವಿ.

ಜಗಳೂರು ಕಡೆ ನಮ್ಮ ಹನ್ನೆರಡನೇ ಬಾವಿ. ಕಲ್ಲು ಕಟ್ಟಿದ ಹಳೆಯ ತೆರೆದ ಬಾವಿ ಅದು. ಅದರ ತಳದಲ್ಲೇ ಬೋರು ಕೊರೆಸಿದ್ದರು. ಒಮ್ಮೆ ಕರು ಬಿದ್ದಿತ್ತು ಅಂತ ಮೇಲೆ ತಗಡು ಹಾಸಿ ಕಲ್ಲು ಹೇರಿದ್ದರು. ತಳದಲ್ಲಿ ಮೊಣಕಾಲುದ್ದ ನಿಂತ ನೀರು, ಅದರಲ್ಲಿ ವರ್ಷಗಟ್ಟಲೆ ಉದುರಿದ ಎಲೆಯ ಕೊಳೆ. ಜ್ವರಕ್ಕೆ ಮೊದಲು ಆ ಬಾವಿಗೆ ನಾನು ನಾಲ್ಕು ಹಾಕಿದ್ದೆ. ಮನೆಯಲ್ಲಿ ಒಬ್ಬ ಅಜ್ಜಿ, ಅವಳ ಮಗ. ಮಗನಿಗೆ ನನ್ನ ವಯಸ್ಸೇ, ನನ್ನ ಮೇಲೆ ತುಂಬ ನಂಬಿಕೆ. ಆ ವಾಸನೆಯಲ್ಲೇ ಇದ್ದು ಅವರಿಗೆ ಅದು ತಿಳಿಯುತ್ತಲೇ ಇರಲಿಲ್ಲ. "ನಮಗ ಅಭ್ಯಾಸ ಆಗೈತ್ರಿ, ನೀವೇ ಹೇಳ್ಬೇಕು" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಮಗ ಫೋನ್ ಮಾಡಿದ. ತಳದಲ್ಲಿ ಪೈಪಿನ ಕ್ಲಾಂಪು ಕಲ್ಲಿಗೆ ಸಿಕ್ಕಿಕೊಂಡಿದೆ, ಮೋಟರು ಮೇಲೆ ಬರುತ್ತಿಲ್ಲ, ಬನ್ನಿ ಅಂತ. ಹೇಗೂ ಪಟ್ಟಿ ನೋಡುವ ಸರದಿಯೂ ಬಂದಿತ್ತು. ಮೇಡಂ ಊರಲ್ಲಿರಲಿಲ್ಲ. ನಾನು, ಗೆಳೆಯ ಇಬ್ಬರೇ ಹೋದೆವು.

ಒಂದು ತಗಡು ಸರಿಸಿ ದಾರ ಎಳೆದೆ. ಪಟ್ಟಿ ಬಿಸಿಲಿಗೆ ಬಂದ ಕೂಡಲೇ ಕಣ್ಣು ಕುಕ್ಕಿತು. ಬೆಳ್ಳಗೆ, ಹೊಳೆಯುವ ಬೆಳ್ಳಿ. ಹಿಂದಿನ ಸಲ ಕರ್ರಗಿದ್ದುದನ್ನು ತೆಗೆದು ಹೊಸದು ಕಟ್ಟಿದ್ದವನು ನಾನೇ. ಮೂರು ವಾರವಾಗಿತ್ತು. ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತೆ. ಇಳಿಬಿಟ್ಟ ದಿನಕ್ಕಿಂತ ಬೆಳ್ಳಗಿದೆಯಲ್ಲ ಅನ್ನುವ ಅನುಮಾನ ಬಂತು. ಬಂದದ್ದು ನಿಜ. ಆದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಬಗ್ಗಿ, ಜೋರಾಗಿ ಉಸಿರೆಳೆದು, ತಲೆಯೆತ್ತಿದೆ.

"ಏನೂ ಇಲ್ಲ. ಸೊನ್ನೆ."

ಪುಸ್ತಕ ತೆಗೆದು ಮೂಗಿನ ಕಾಲಮ್ಮಿನಲ್ಲಿ ಗುಂಡಗೆ ಸೊನ್ನೆ ಬರೆದೆ.

"ಹಂಗಾದ್ರೆ ನಾನೇ ಇಳೀತೀನಿ" ಅಂದ ಮಗ, ಪಂಚೆ ಮೇಲೆ ಕಟ್ಟುತ್ತ. "ನಿಮ್ಮ ಮೊಣಕಾಲು ನೋವೈತೆ. ನಮ್ಮ ಬಾವಿ ಕಲ್ಲು ನನಗ ಗೊತ್ತು."

ಗೆಳೆಯ ಹಳೆಯ ಪದ್ಧತಿ ನೆನೆಸಿದ. "ಒಂದು ದೀಪ ಇಳಿಸಿ ನೋಡಾನೇನ್ರಿ?"

"ಮೇಸ್ತ್ರಿ ಮೂಗು ಇಳಿಸೀವಲ್ಲ, ದೀಪ ಯಾಕ?" ಅಂತ ಮಗ ನಕ್ಕ.

ಗೋಡೆಯಿಂದ ಮೆಟ್ಟಿಲಾಗಿ ಚಾಚಿದ ಕಲ್ಲುಗಳ ಮೇಲೆ ಕಾಲಿಡುತ್ತ ಅವನು ತಗಡಿನ ಸಂದಿಯಲ್ಲಿ ಇಳಿಯತೊಡಗಿದ. ಒಂದು, ಎರಡು, ಮೂರು. ನಾನು ಪಟ್ಟಿಯನ್ನು ಇನ್ನೂ ಬೆರಳಲ್ಲೇ ಹಿಡಿದಿದ್ದೆ. ಅಜ್ಜಿ ಹತ್ತಿರ ಬಂದು ಅದನ್ನು ನೋಡಿ, ಬಾಯಿ ತುಂಬ ನಕ್ಕಳು.

"ಹೆಂಗೈತ್ರಿ ಮೇಸ್ತ್ರಿ, ಹೊಳೀತೈತಲ್ಲ?"

"ಹೂಂ, ಹೊಳೀತೈತೆ."

"ಹೊಳೀದೇ ಏನ್ರಿ! ಈ ಸಲ ಹೊಸಾದು ಕಟ್ಟಿದಾಗಿಂದ ಸೋಮವಾರ ಸೋಮವಾರ ದಾರ ಎಳೆದು, ಹುಣಸೆಹಣ್ಣು ಹಾಕಿ, ಇಬೂತಿ ಹಚ್ಚಿ ತಿಕ್ಕೀನಿ. ಹಾಳಾದ್ದು, ವಾರ ಆಗಾದ್ರಾಗೆ ಕರ್ರಗೆ ಆಗ್ತಿತ್ತು. ಓದಿದೋರು ನಂಬಿ ನಮ್ಮನ್ಯಾಗೆ ಬೆಳ್ಳಿ ಇಟ್ಟು ಹೋಗ್ಯಾರೆ, ಕಪ್ಪು ಮಾಡಿ ಕೊಟ್ರೆ ಏನಂದ್ಕಂತಾರೆ? ಇವತ್ತು ನೀವು ಬರ್ತೀರಿ ಅಂತ ಮುಂಜಾನೆ ಮತ್ತೊಂದ್ಸಲ ತಿಕ್ಕಿದೆ."

ನನ್ನ ಕೊರಳಿನಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇದೆ. ಬಾವಿ ಕೆಲಸದವನಾದ್ದರಿಂದ ಅದು ಬೇಗ ಕಪ್ಪಾಗುತ್ತದೆ. ನಾನೂ ಪ್ರತಿ ಸೋಮವಾರ ಹುಣಸೆಹಣ್ಣು, ವಿಭೂತಿಯಲ್ಲೇ ಅದನ್ನು ತಿಕ್ಕುವವನು. ನಮ್ಮಲ್ಲಿ ಬೆಳ್ಳಿ ಕಪ್ಪಾದರೆ ಕೈ ಸುಮ್ಮನಿರುವುದಿಲ್ಲ. ಹನ್ನೆರಡು ಮನೆಗೆ ಪಟ್ಟಿ ಕಟ್ಟುವಾಗ, ಮುಟ್ಟಬೇಡಿ, ಕಳೆಯಬೇಡಿ ಅಂತ ಹೇಳಿದ್ದೆ. ತಿಕ್ಕಬೇಡಿ ಅಂತ ಹೇಳುವುದು ನನಗೆ ಹೊಳೆದಿರಲೇ ಇಲ್ಲ.

ಕೆಳಗೆ ಅವನು ಐದನೇ ಕಲ್ಲಿನಿಂದ ಆರನೆಯದಕ್ಕೆ ಕಾಲು ತಡಕಾಡುತ್ತಿದ್ದ. ತಲೆ ತಗಡಿನ ಕೆಳಗೆ ಹೋಗಿತ್ತು.

ನಾನು ಬೇರೆ ಏನಾದರೂ ನೆಪ ಹೇಳಬಹುದಿತ್ತು. ಹಗ್ಗ ಸರಿಯಿಲ್ಲ ಬಾ, ಕರೆಂಟ್ ಬಂತು ಬಾ, ಅಂತ. ಅದೂ ತಲೆಗೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ನೆಪಕ್ಕೆ ಮೇಲೆ ಬಂದವನು ನೆಪ ಮುಗಿದ ಮೇಲೆ ಮತ್ತೆ ಇಳಿಯುತ್ತಾನೆ. ನನ್ನ ಸೊನ್ನೆ ಅಲ್ಲೇ ಇರುತ್ತದೆ.

"ಮೇಲೆ ಬಾ!" ಅಂತ ಕೂಗಿದೆ. "ಈಗಲೇ ಮೇಲೆ ಬಾ! ನನಗೆ ಮೂಗಿಲ್ಲ! ವಾಸ್ನೆ ಗೊತ್ತಾಗಲ್ಲ ನನಗೆ!"

"ಏನಂದ್ರಿ?"

"ಮೂಗು ಸತ್ತೈತೆ ಕಣೋ! ಬಾರೋ ಮೇಲೆ!"

ಗೆಳೆಯ ಮೊದಲು ನಕ್ಕ, ತಮಾಷೆ ಅಂತ. ನನ್ನ ಮುಖ ನೋಡಿ ಡಬ್ಬಿ ಎಸೆದು ತಗಡು ಎಳೆಯತೊಡಗಿದ. ಮಗ ಹತ್ತಿ ಬರುವಾಗ ನಾಲ್ಕನೇ ಕಲ್ಲಿನ ಹತ್ತಿರ ಒಮ್ಮೆ ನಿಂತ. ಅವನ ರಟ್ಟೆಗೆ ಕೈ ಹಾಕಿ ಇಬ್ಬರೂ ಎಳೆದುಕೊಂಡೆವು. ಕಟ್ಟೆಯ ಮೇಲೆ ಕೂತು ಕೆಮ್ಮಿದ. ಕಣ್ಣು ಕೆಂಡವಾಗಿದ್ದವು. ತಲೆ ಸುತ್ತುತ್ತಿದೆ ಅಂದ. ಅಜ್ಜಿ ಮಜ್ಜಿಗೆ ತರಲು ಓಡಿದಳು. ಏನು ನಡೆಯಿತು ಅಂತ ಅವಳಿಗೆ ತಿಳಿದಿರಲಿಲ್ಲ.

ಸುಧಾರಿಸಿಕೊಂಡ ಮೇಲೆ ಅವನು ನನ್ನನ್ನೇ ನೋಡಿದ.

"ಎಷ್ಟು ದಿನ ಆತು?"

"ಜ್ವರ ಬಂದಾಗಿನಿಂದ."

"ಮತ್ತೆ ಈಗ ಸೊನ್ನೆ ಅಂತ ಬರೆದ್ರಲ್ಲ?"

ಪಟ್ಟಿ ನೋಡಿ ಬರೆದೆ ಅಂದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾವು ಮೂವರೂ ಸೇರಿ ಅಷ್ಟೂ ತಗಡು ತೆಗೆದೆವು. ಕಾಳು ತೂರುವ ದೊಡ್ಡ ಫ್ಯಾನ್ ತಂದು ಬಾವಿಯೊಳಗೆ ಗಾಳಿ ಬಿಟ್ಟೆವು. ಯಾರೂ ಇಳಿಯಲಿಲ್ಲ. ಮಧ್ಯಾಹ್ನ ನಾನು ಉದ್ದ ಗಳಕ್ಕೆ ಕೊಕ್ಕೆ ಕಟ್ಟಿ, ಮೇಲಿನಿಂದಲೇ ಮೂರು ತಾಸು ಒದ್ದಾಡಿ ಆ ಕ್ಲಾಂಪ್ ಬಿಡಿಸಿದೆ. ಕೈ ಕೆಲಸದಲ್ಲಿ ನಾನು ಇನ್ನೂ ಮೇಸ್ತ್ರಿಯೇ ಅಂತ ಅಲ್ಲಿದ್ದವರಿಗಿಂತ ಹೆಚ್ಚಾಗಿ ನನಗೇ ತೋರಿಸಿಕೊಳ್ಳಬೇಕಾಗಿತ್ತು. ಹೊರಡುವಾಗ ಮಗ ಎಂದಿನ ಹಾಗೆ ಟೆಂಪೊದವರೆಗೆ ಬರಲಿಲ್ಲ.

ದಾರಿಯಲ್ಲಿ ಗೆಳೆಯ ನಶ್ಯದ ಡಬ್ಬಿ ತೆರೆಯುತ್ತ ಮುಚ್ಚುತ್ತ ಕೂತಿದ್ದ. ಕಡೆಗೆ, "ನನಗಾದ್ರೂ ಹೇಳಬಾರದಿತ್ತೇನ್ಲೇ?" ಅಂದ. "ನನಗೂ ಮೂಗಿಲ್ಲ. ನಾನೇನು ನಗ್ತಿದ್ನೇನು?"

"ನಗ್ತಿದ್ದೆ."

"ಹೂಂ, ನಗ್ತಿದ್ದೆ. ನಕ್ಕು ಸುಮ್ಮನಾಗ್ತಿದ್ದೆ."

ಮನೆಯಲ್ಲಿ ಹೇಳೋಣ ಅಂತ ಬಾಯಿ ತೆರೆದರೆ, ಹೆಂಡತಿ ರೊಟ್ಟಿ ತಟ್ಟುತ್ತಲೇ ಅಂದಳು, "ನನಗೆ ಗೊತ್ತಿಲ್ವೇನ್ರಿ? ಆವತ್ತು ಹಳಸಿದ ಸಾರನ್ನ ಎರಡು ಸಲ ಹಾಕಿಸ್ಕಂಡು ಉಂಡ್ರಿ. ನಾನು ಬಡಿಸೋ ಮುಂದೆ ಗೊತ್ತಾಗಿ, ನೋಡಾನ ಅಂತ ಸುಮ್ಮನೆ ಇದ್ದೆ."

"ಹಳಸಿದ್ದು ಗೊತ್ತಿದ್ದೂ ಬಡಿಸಿದ್ಯಾ?"

"ನೀವು ಹೇಳಲಿ ಅಂತ ಕಾಯ್ತಿದ್ದೆ. ನಿಮ್ಮ ಸೊಕ್ಕು ಹೊಟ್ಟೆಗಿಂತ ಗಟ್ಟಿ ಐತೆ ಅಂತ ಆವತ್ತು ಗೊತ್ತಾತು."

ಮೇಡಮ್ಮಿಗೆ ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲ. ಅವರು ಬರುವವರೆಗೆ ನಾಲ್ಕು ದಿನ ಕಾದು, ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲೇ ಪುಸ್ತಕ ಅವರ ಕೈಗಿಟ್ಟೆ. ಜ್ವರ ಬಿಟ್ಟ ಮೇಲಿನ ಮೊದಲ ಅಂಕಿಯ ಮೇಲೆ ನಾನೇ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದಿದ್ದೆ. "ಇಲ್ಲಿಂದ ಕೆಳಗಿನದು ಮೂಗಲ್ರೀ, ಕಣ್ಣು" ಅಂದೆ. ಜಗಳೂರಿನ ಬಾವಿಯಲ್ಲಿ ಆದದ್ದನ್ನೂ ಹೇಳಿದೆ. ಅವರು ನಿಂತಲ್ಲೇ ಹಾಳೆ ತಿರುವಿದರು. ಎರಡು ಬಸ್ಸು ಬಂದು ಹೋದವು.

"ಇದು ಗೊತ್ತಾಗದೆ ಹೋಗಿದ್ರೆ?" ಅಂತ ಕೇಳಿದರು. ಸಿಟ್ಟಿತ್ತು, ಆದರೆ ದನಿ ಏರಿಸಲಿಲ್ಲ. "ನಾನು ಎಲ್ಲರ ಮುಂದೆ ನಿಂತು ಎರಡು ಗೆರೆ ಹೊಂದುತ್ತೆ ಅಂತ ಹೇಳ್ತಿದ್ದೆ. ಹೊಂದದೆ ಏನು? ಒಂದೇ ಗೆರೆಯನ್ನ ನೀವು ಎರಡು ಸಲ ಬರೆದಿದ್ದೀರಿ."

"ಹೌದ್ರಿ."

"ಜಗಳೂರಿನವರು ಹೇಗಿದ್ದಾರೆ?"

"ಚೆನ್ನಾಗಿದ್ದಾರೆ."

ಪುಸ್ತಕ ಮುಚ್ಚುತ್ತ, "ನಾನು ಮೀಟರ್ ಸತ್ತಿದೆ ಅಂತ ಹೇಳಿದ ದಿನಾನೇ ನೀವು ಹೇಳೋಕೆ ಬಂದಿದ್ರಿ, ಅಲ್ವಾ?" ಅಂದರು. ನಾನು ತಲೆ ಅಲ್ಲಾಡಿಸಲಿಲ್ಲ. ಅದನ್ನು ನೆಪ ಮಾಡಿಕೊಳ್ಳುವುದು ನನಗೆ ಬೇಡವಾಗಿತ್ತು.

ಕೆಲಸ ಮೊದಲಿನಿಂದ ಶುರುವಾಯಿತು. ನಾನು ಹನ್ನೆರಡು ಮನೆಗೂ ಹೋಗಿ, ಬೆಳ್ಳಿ ಕಪ್ಪಾಗುವುದೇ ಅದರ ಕೆಲಸ, ತಿಕ್ಕಬೇಡಿ ಅಂತ ಕೂತು ಹೇಳಿದೆ. ವಿಚಾರಿಸಿದಾಗ ಇನ್ನೂ ಎರಡು ಮನೆಯಲ್ಲಿ ತಿಕ್ಕಿದ್ದರು. ರಿಪೇರಿಯಾದ ಮೀಟರ್ ಬಂತು. ಆದರೂ ಮೇಡಂ ಮೂಗಿನ ಕಾಲಂ ಅಳಿಸಲಿಲ್ಲ. ಮನುಷ್ಯರ ಮೂಗು ಎಲ್ಲಿ ಸೋಲುತ್ತದೆ ಅನ್ನುವುದೂ ಬೇಕು ಅಂದರು. ಯಾರ ಮೂಗು ಅಂತ ಕೇಳಿದಾಗ ಗೆಳೆಯ ನಶ್ಯದ ಡಬ್ಬಿ ಹಿಂದೆ ಮುಚ್ಚಿಟ್ಟುಕೊಂಡ.

ಹಾಗಾಗಿ ಈಗ ಟೆಂಪೊದಲ್ಲಿ ನನ್ನ ಪಕ್ಕ ಹೆಂಡತಿ ಕೂರುತ್ತಾಳೆ. ಕಿಟಕಿ ಗಾಳಿಗೆ ಕೂದಲು ಕೆಡುತ್ತದೆ ಅಂತ ಗೊಣಗುತ್ತಾಳೆ. ಮೋಟರು ಮೇಲೆ ಬಂದಾಗ ಜನ ಅಭ್ಯಾಸದಿಂದ ನನ್ನ ಮುಖ ನೋಡುತ್ತಾರೆ, ನಾನು ಅವಳ ಮುಖ ನೋಡುತ್ತೇನೆ. ಇದು ನನಗೆ ಸುಲಭವಲ್ಲ. ಎಷ್ಟೋ ಸಲ ಅವಳು ಇಳಿಯುವ ಮೊದಲೇ ನಾನು ಇಳಿದು, ಕೂತು, ಮೂಗು ಒಯ್ದಿರುತ್ತೇನೆ. ಮೂಗಿನ ಮುಂದಿನ ಗೋಡೆ ಇನ್ನೂ ಅಲ್ಲೇ ಇದೆ.

ಹೋದ ಸಲ ಜಗಳೂರಿನ ಬಾವಿಗೆ ಹೋದಾಗ ಮೇಡಮ್ಮೂ ಇದ್ದರು. ಮಗ ನಮ್ಮನ್ನು ನೋಡಿ ತಾನೇ ಬಂದು ತಗಡು ಸರಿಸಿದ. ಮಾತು ಕಡಿಮೆ, ಆದರೆ ಬಂದ. ದಾರ ಎಳೆದರೆ ಪಟ್ಟಿ ಕರ್ರಗಿತ್ತು. ಅದರ ಮೇಲೆ ಅಡ್ಡಕ್ಕೆ ಮೂರು ಬಿಳಿ ಗೆರೆ.

"ನಾನು ತಿಕ್ಕಿಲ್ರೀ" ಅಂದಳು ಅಜ್ಜಿ ಮೊದಲೇ. "ನೀವು ಬ್ಯಾಡ ಅಂದ ಮೇಲೆ ಮುಟ್ಟಿಲ್ಲ. ಕಟ್ಟೋ ದಿನ ಒಂದೇ ಒಂದ್ಸಲ ಇಬೂತಿ ಹಚ್ಚೀನಿ, ಅಷ್ಟೇ."

ಮೇಡಂ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಹತ್ತಿಯಿಂದ ಮೆಲ್ಲಗೆ ಒರೆಸಿದರು. ವಿಭೂತಿ ಹೋಯಿತು, ಗೆರೆ ಹೋಗಲಿಲ್ಲ. ಬೂದಿ ಕೂತಿದ್ದ ಕಡೆ ಬೆಳ್ಳಿ ಬೆಳ್ಳಗೇ ಉಳಿದಿತ್ತು. "ನಮ್ಮ ಲ್ಯಾಬಿನಲ್ಲಿ ಗಾಜಿನ ಮೇಲೆ ಇಂಥ ಗೆರೆ ಬಿಡೋಕೆ ಎಷ್ಟು ಒದ್ದಾಡ್ತೀವಿ ಗೊತ್ತಾ ಅಜ್ಜಿ?" ಅಂತ ಅದನ್ನು ಕಾಗದದ ಚೀಲದಲ್ಲಿ ಹಾಕಿಕೊಂಡರು. ಅಜ್ಜಿಗೆ ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ನನ್ನ ಕಡೆ ನೋಡಿದಳು.

ನಾನು ಪುಸ್ತಕ ಬಿಚ್ಚಿದೆ. ಹೆಂಡತಿ ಬಾವಿಯ ಅಂಚಿಗೆ ಬಂದು ಒಮ್ಮೆ ಉಸಿರೆಳೆದು, ಸೆರಗು ಮುಚ್ಚಿಕೊಂಡು ಹಿಂದೆ ಸರಿದಳು.

"ನಾಲ್ಕು ಬರೀರಿ."

"ಸರಿಯಾಗಿ ಹೇಳು. ಮೂರೋ, ನಾಲ್ಕೋ?"

"ನಂಬಿಕೆ ಇಲ್ದಿದ್ರೆ ನೀವೇ ಮೂಸ್ರಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಮಗನೂ ಸಹ. ನಾನು ನಾಲ್ಕು ಬರೆದೆ.